ಕಲಾಯಿ

ಇಲ್ಯಾಸ್, ನೀನೂ ಕಿವಿಗೆ ಯಂತ್ರ ಹಾಕಿಸುತ್ತೀಯಂತೆ,
ನಿನ್ನ ಹೆಂಡತಿ ನನ್ನ ಹೆಂಡತಿಗೆ ಹೇಳುತ್ತಿದ್ದಳು,
ಕೇಳಿಸಿಕೊಂಡೆ. ನೋಡು, ಕೇಳಿಸಿಕೊಂಡೆ!
ಪಕ್ಕದ ಕೋಣೆಯಿಂದಲ್ಲ, ಅಷ್ಟು ಆಸೆ ಬೇಡ,
ಅದೇ ಮೇಜಿನ ಆಚೆಯಿಂದ, ಟೀವಿ ಆರಿಸಿದ್ದಾಗ.

ಆಂಟೆಪ್‌ನ ಈ ಓಣಿಯಲ್ಲಿ ಐವತ್ತೆರಡು ವರ್ಷ
ಎದುರುಬದುರು ಕೂತು ತಾಮ್ರ ಬಡಿದೆವು.
ತಟ್ಟೆಗೆ ಬಿದ್ದ ಪೆಟ್ಟು ಹೂವಾಯಿತು, ಬಳ್ಳಿಯಾಯಿತು,
ಪ್ರವಾಸಿಗಳ ಚೀಲ ಸೇರಿತು;
ಕಿವಿಗೆ ಬಿದ್ದದ್ದು ಕಿವಿಯಲ್ಲೇ ಉಳಿಯಿತು.
ಕಿವುಡಾಗದವನು ಕೆಲಸ ಕಲಿತಿಲ್ಲ ಎಂದು
ನಮ್ಮಪ್ಪಂದಿರು ನಗುತ್ತಿದ್ದರು, ನಾವೂ ನಕ್ಕೆವು.
ಈಗ ಯಾರಾದರೂ ನಕ್ಕರೆ
ಯಾಕೆಂದು ಮೂರು ಸಲ ಕೇಳಬೇಕು.

ಬಸ್ ನಿಲ್ದಾಣದಲ್ಲಿ ಗಡಿಯಾರ ಮಾರುವವನ ಹತ್ತಿರ ಕೊಳ್ಳಬೇಡ.
ನಾನು ಕೊಂಡಿದ್ದೆ, ನಾಚಿಕೆಗೆ ನಿನಗೆ ಹೇಳಿರಲಿಲ್ಲ.
ಸುತ್ತಿಗೆಯನ್ನೂ ಮೊಮ್ಮಗಳ ಗುಟ್ಟನ್ನೂ
ಒಂದೇ ಸಮ ಎತ್ತಿ ಬಡಿಯುತ್ತಿತ್ತು,
ಉಳಿದ ಕಿವಿಯನ್ನೂ ತಿಂದುಬಿಡುತ್ತಿತ್ತು.
ಮೊದಲು ಡಾಕ್ಟರು ದೀಪ ಹಿಡಿದು ನೋಡಲಿ;
ನನ್ನ ಎಡಗಿವಿಯಲ್ಲಿ ಪಿಸ್ತಾದಷ್ಟು ಗುಗ್ಗೆ ಸಿಕ್ಕಿತು.
ಆಮೇಲೆ ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿ
ಸದ್ದು ಕೇಳಿದರೆ ಗುಂಡಿ ಒತ್ತಿ ಎನ್ನುತ್ತಾಳೆ ಗುಲ್‌ಸೆರೆನ್.
ಕೇಳದೆ ಒತ್ತಬೇಡ. ನಾನು ಒತ್ತಿದೆ,
ಫೇಲಾಗಲು ಯಾರಿಗೆ ಇಷ್ಟ?
ಅವಳು ಬಾಗಿಲು ತೆರೆದಳು:
"ಬೆದ್ರಿ ಮಾವ, ನಾನಿನ್ನೂ ಶುರುವೇ ಮಾಡಿಲ್ಲ."

ಮೊದಲ ದಿನ ಹೆದರಿಕೆಯಾಗುತ್ತದೆ.
ಕಾಗದ ಮಡಚಿದರೆ ತಗಡು ಹರಿದಂತೆ,
ನಿನ್ನದೇ ಗಂಟಲು ಬಾವಿಯೊಳಗಿಂದ ಬಂದಂತೆ.
ಚಹಾದ ಲೋಟದಲ್ಲಿ ಚಮಚ ತಿರುವಿದ್ದಕ್ಕೆ
ನಾನು ಎದ್ದೇ ನಿಂತೆ.
ಕಿತ್ತು ಡ್ರಾಯರಿಗೆ ಎಸೆಯಬೇಡ.
ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು,
ಮುಂದಿನ ವಾರ ಇನ್ನೊಂಚೂರು.
ಹೊಸ ಚಪ್ಪಲಿಯೂ ಕಚ್ಚುತ್ತದಲ್ಲ;
ಹುಣ್ಣಾಗುವಂತೆ ಕಚ್ಚಿದರೆ ಮಾತ್ರ ಸಹಿಸಬೇಡ, ಹೋಗಿ ತೋರಿಸು.

ಇನ್ನೊಂದು ಮಾತು, ಇದಕ್ಕೆ ನಗಬೇಡ.
ಹಳೆಯ ಬ್ಯಾಟರಿ ತೆಗೆದು ಟೀಪಾಯಿಯ ಮೇಲಿಟ್ಟಿದ್ದೆ,
ಅಂಗಿಯ ಗುಂಡಿಯಷ್ಟಿಲ್ಲ.
ತಿರುಗುವಷ್ಟರಲ್ಲಿ ಪುಟ್ಟ ಇಪೆಕ್‌ಳ ಮುಷ್ಟಿಯಲ್ಲಿ,
ಮುಷ್ಟಿ ಬಾಯಿಯ ಹತ್ತಿರ.
ನುಂಗಿದರೆ ಎರಡೇ ಗಂಟೆಯಲ್ಲಿ ಗಂಟಲು ಸುಡುತ್ತದಂತೆ,
ನಾಳೆ ನೋಡೋಣ ಎನ್ನುವಂತಿಲ್ಲ, ಆಗಿಂದಾಗಲೇ ಆಸ್ಪತ್ರೆ.
ಸುತ್ತಿಗೆಗೆ ನಡುಗದ ಕೈ
ಅವತ್ತು ಸಂಜೆಯವರೆಗೆ ನಡುಗಿತು.
ಈಗ ಹಳೆಯವಕ್ಕೆ ನಾನೇ ಬಡಿದ ಭರಣಿ, ಬಿಗಿ ಮುಚ್ಚಳ,
ಬೀರುವಿನೊಳಗೆ, ಕೀಲಿ ನನ್ನ ಸೊಂಟದಲ್ಲಿ.

ಅಂಗಡಿಗೆ ಹಾಕಿಕೊಂಡು ಬಾ, ಗಿರಾಕಿಯ ಹತ್ತಿರ ಮಾತಾಡು,
ಸುತ್ತಿಗೆ ಎತ್ತುವ ಮುನ್ನ ತೆಗೆದಿಡು,
ದಪ್ಪ ಕಿವಿಮುಚ್ಚಿಗೆ ಏರಿಸು. ಯಂತ್ರ ತಾಯಿತವಲ್ಲ.
ಹುಡುಗ ಯೂನುಸ್‌ಗೂ ಒಂದು ಜೊತೆ ತಂದುಕೊಟ್ಟೆ,
ಮೊಳೆಗೆ ನೇತುಹಾಕಿದ್ದಾನೆ.
ಅವನಿಗೆ ಇನ್ನೂ ಎಲ್ಲ ಕೇಳಿಸುತ್ತದೆ,
ನನ್ನ ಮಾತೊಂದನ್ನು ಬಿಟ್ಟು.

ಹೊಸ ಕಿವಿ ಬರುತ್ತದೆಂದು ಹೋಗಬೇಡ, ಇಲ್ಯಾಸ್.
ನಾವು ಕಲಾಯಿ ಹಾಕುತ್ತೇವಲ್ಲ, ಹಾಗೆ.
ಸೊಟ್ಟ ಸೊಟ್ಟವೇ, ಸವೆದ ತಳ ಸವೆದದ್ದೇ,
ಒಳಗೆ ಬೆಳ್ಳಗಾಗುತ್ತದೆ, ಅನ್ನ ಕಿಲುಬುವುದಿಲ್ಲ, ಅಷ್ಟೆ.
ದಿನಾ ಒರೆಸಬೇಕು, ನೀರು ತಾಗಿಸಬಾರದು,
ಆಗಾಗ ಮತ್ತೆ ಒಯ್ದು ಸರಿಮಾಡಿಸಬೇಕು.
ಮದುವೆ ಮನೆಯಲ್ಲಿ ಡೋಲು ಶುರುವಾದರೆ
ಎಲ್ಲರ ಬಾಯಿ ಮೀನಿನ ಬಾಯಿಯೇ,
ಮೊದಲಿನ ಹಾಗೆ ತಲೆ ಆಡಿಸು.

ನಾನು ಹೂರಿಯೆಯ ದನಿಗೆ ಕಾದಿದ್ದೆ.
ಬಾವಿಕಟ್ಟೆಯಲ್ಲಿ ನನ್ನ ಹೆಸರು ತಪ್ಪಾಗಿ ಕರೆದ ಆ ದನಿಗೆ.
ಬಂದದ್ದು ಅರವತ್ತೇಳರದು, ತುಸು ತಗಡು ಬೆರೆತದ್ದು.
ಎರಡು ದಿನ ಮುಖ ಬಾಡಿಸಿಕೊಂಡಿದ್ದೆ.
ಮೂರನೆಯ ದಿನ ಅವಳು ನನಗೆ ಬೆನ್ನು ಮಾಡಿ
ಪಾತ್ರೆ ತೊಳೆಯುತ್ತ ನನ್ನನ್ನು ಬಯ್ಯುತ್ತಿದ್ದಳು,
ಹೆಸರು ಹಿಡಿದು, ಮೆಲ್ಲಗೆ, ರೂಢಿಯಾದವರಂತೆ,
ಎಷ್ಟು ವರ್ಷದ ರೂಢಿಯೋ.
ನಾನು ಸುಮ್ಮನೆ ಕೂತೆ.
ನಲ್ಲಿ ನಿಲ್ಲಿಸಲಿ ಎಂದು ಕಾದೆ.
ಅರ್ಧ ಮಾತು ನೀರಿನಲ್ಲಿ ಹೋಗುತ್ತಿತ್ತು.