ಅನುಬಂಧ ಮೂರು, ಕ್ರಮಸಂಖ್ಯೆ ಮೂವತ್ತೊಂದು

ಬಡ್ತಿ ಫೈಲು ಬಂದಿದೆ, ಕೆಂಪು ದಾರ ಬಿಗಿದು,
ಗಂಗೋತ್ರಿಯಿಂದ ಕ್ರಾಫರ್ಡ್ ಹಾಲಿಗೆ.
ಡಾ. ಫಹಮಿದಾ ಬೇಗಂ, ರೋಗನಿರೋಧ ಶಾಸ್ತ್ರ.
ನನ್ನ ಕೆಲಸ ಓದುವುದಲ್ಲ, ಎಣಿಸುವುದು:
ಪ್ರಬಂಧ ಐವತ್ನಾಲ್ಕು,
ಬೇರೆಯವರು ಅವನ್ನು ಎತ್ತಿ ಹೇಳಿದ್ದು
ಎರಡು ಸಾವಿರದ ಮುನ್ನೂರ ಹದಿನಾರು ಸಲ,
ಎಚ್-ಇಂಡೆಕ್ಸು ಹತ್ತೊಂಬತ್ತು.

ಹಾಗಂದ್ರೇನು ಸಾರ್, ಎಂದ ಹೊಸ ಹುಡುಗ.
ಹತ್ತೊಂಬತ್ತು ಮದುವೆಗೆ
ತಲಾ ಹತ್ತೊಂಬತ್ತು ಜನವಾದರೂ ನೆಂಟರು ಬಂದಿದ್ದಾರೆ,
ಇಪ್ಪತ್ತನೆಯದರಲ್ಲಿ ಪಂಕ್ತಿ ತುಂಬಲಿಲ್ಲ ಅಂತ.
ಅವನು ನಕ್ಕ. ನಾನು ಸ್ಟಾಂಪ್ ಪ್ಯಾಡಿಗೆ ಇಂಕು ಬಿಟ್ಟೆ.

ಒಂಬೈನೂರ ಮೂರು ಸಲ ಹೆಸರಾದದ್ದು ಯಾವುದೆಂದು ನೋಡಿದೆ:
ನಲವತ್ತೊಂದು ಲೇಖಕರು, ಒಂಬತ್ತು ದೇಶ,
ಮೇಡಂ ಹದಿನೇಳನೆಯವರು,
ಮೈಸೂರಿನ ಸ್ಪೆಲಿಂಗು ತಪ್ಪು.

ಮೂವತ್ತೊಂದರ ಎದುರು ಸೊನ್ನೆ.
ಅಚ್ಚಾಗಿ ಹದಿಮೂರು ವರ್ಷ, ಸೊನ್ನೆ.
ಖಾಲಿ ಬಿಟ್ಟಿಲ್ಲ ಅವರು; ದುಂಡಗೆ ಬರೆದಿದ್ದಾರೆ,
ಬಳೆಗಾರ ಅಳತೆ ಹಿಡಿದು ತೋರಿಸುವ ಹಾಗೆ.

ಮಂಡ್ಯ ಸೀಮೆಯ ಮೆದುಳು ಜ್ವರ:
ಗದ್ದೆ ಬದಿಯ ಊರುಗಳಲ್ಲಿ
ಮೂವತ್ತು ವರ್ಷದ ಮೇಲೂ ರಕ್ತದಲ್ಲಿ ಉಳಿದ ಪ್ರತಿಕಾಯ.
ಇದು ತಲೆಬರಹ, ನಾನು ಮಾಡಿಕೊಂಡ ಕನ್ನಡದಲ್ಲಿ.
ಆ ಸೀಮೆಯವರು ಇನ್ನೂರ ಹನ್ನೆರಡು.
ಹೋಲಿಕೆಗೆ, ಕಾಯಿಲೆ ಕಾಣದ
ಮೈಸೂರಿನ ಕಚೇರಿ ಸಿಬ್ಬಂದಿ, ಮೂವತ್ತು.

ಆ ಮೂವತ್ತರಲ್ಲಿ ನಾನಿದ್ದೆನಲ್ಲ!
ಪಡಸಾಲೆಯಲ್ಲಿ ಮೇಜು, ಎಡತೋಳಿಗೆ ರಬ್ಬರು ಪಟ್ಟಿ,
ಒಂದು ಬಾಳೆಹಣ್ಣು, ಗ್ಲೂಕೋಸ್ ಬಿಸ್ಕತ್ತು,
"ಇದು ಆರೋಗ್ಯವಂತರ ಸಾಲು" ಎಂದು ಮೇಡಂ ನಕ್ಕದ್ದು,
ಸೂಜಿಯ ಕಡೆ ನೋಡದೆ ನಾನು ಕ್ಯಾಲೆಂಡರಿನ ರಜೆ ಎಣಿಸಿದ್ದು.
ಹುಟ್ಟಿದೂರು? ಕಿರುಗಾವಲು.
ಮೆದುಳು ಜ್ವರ ಬಂದಿತ್ತೇ? ಇಲ್ಲ.

ಎಣಿಸುವವನು ಅಂದು ಓದಿದೆ,
ಊಟದ ಹೊತ್ತು ಮೀರಿ, ಡಿಕ್ಷನರಿ ತೊಡೆಯ ಮೇಲಿಟ್ಟು.
ಆರನೆಯ ಪುಟ, ಕೋಷ್ಟಕದ ಕೆಳಗೆ, ಇರುವೆಯಷ್ಟು ಅಕ್ಷರ:
ಹೋಲಿಕೆಯ ಗುಂಪಿನಿಂದ ಒಬ್ಬರನ್ನು ಕೈಬಿಡಲಾಗಿದೆ.
ಗಂಡಸು, ನಲವತ್ತೆರಡು ವರ್ಷ, ಮಂಡ್ಯ ಜಿಲ್ಲೆ ಮೂಲ.
ಜ್ವರದ ಚರಿತ್ರೆ ಇಲ್ಲ.
ರಕ್ತದಲ್ಲಿ ಗುರುತು ಇದೆ.

ಜ್ವರ ನನಗಲ್ಲ, ಚಿಕ್ಕತಾಯಿಗೆ.
ನನಗೆ ಹನ್ನೊಂದು, ಅವಳಿಗೆ ಆರು.
ನಾಟಿಯಾದ ಗದ್ದೆ, ಬೆಳ್ಳಕ್ಕಿ, ಹಂದಿಗೂಡಿನ ಪಕ್ಕದ ನೀರು,
ಒಂದೇ ಕಂಬಳಿಯಡಿ ಇಬ್ಬರನ್ನೂ ಹುಡುಕಿಕೊಂಡು ಬರುವ ಸೊಳ್ಳೆ.
ಮೂರನೇ ದಿನ ನನ್ನನ್ನು ಅಪ್ಪಾ ಎಂದಳು,
ಆಮೇಲೆ ಯಾರನ್ನೂ ಏನೂ ಅನ್ನಲಿಲ್ಲ.
ಬನ್ನೂರಿನವರೆಗೆ ಗಾಡಿ, ಅಲ್ಲಿಂದ ಬೆಲ್ಲದ ಲಾರಿ, ದೊಡ್ಡಾಸ್ಪತ್ರೆ.
ನಾನು ಆ ವಾರವೆಲ್ಲ ಗೋಲಿ ಆಡಿದೆ.
ಶಾಲೆಗೆ ಇನ್ನೂ ಸೇರಿಸಿರಲಿಲ್ಲ ಅವಳನ್ನು,
ಫೋಟೋ ಹಿಡಿಸಿರಲಿಲ್ಲ;
ಅವಳ ಹೆಸರಿರುವ ಕಾಗದ ಒಂದೂ ಇಲ್ಲ.
ಅವಳನ್ನು ಹಿಡಿಯಿತು, ನನ್ನನ್ನು ಮುಟ್ಟಲಿಲ್ಲ:
ಇದನ್ನು ನಾನು ಹೆಂಡತಿಗೂ ಹೇಳಿದವನಲ್ಲ.

ಮುಟ್ಟಿತ್ತು.
ಗೋಲಿಗೆ ಗುರಿ ಇಡುತ್ತಿದ್ದಾಗ, ಒಳಗೆ, ಮೈ ಬಿಸಿಯೂ ಆಗದೆ,
ನನ್ನ ರಕ್ತ ಅದೇ ಜ್ವರದ ಜತೆ ಕಾದಾಡಿ
ಅದರ ಚಹರೆ ಬರೆದಿಟ್ಟುಕೊಂಡಿತ್ತು,
ಮತ್ತೆ ಬಂದರೆ ಇರಲಿ ಎಂದು.
ಎಷ್ಟು ಮಳೆಗಾಲ ಕಾದಿದೆಯೋ
ನನಗೆ ತಿಳಿಸದೆ.

ಬೀಳ್ಕೊಡುಗೆ, ಸನ್ಮಾನ ಎಂದು ಎಷ್ಟೋ ಸಲ
ಮೇಡಮ್ಮಿನ ಪಕ್ಕ ಕಾಫಿ ಹಿಡಿದು ನಿಂತಿದ್ದೇನೆ.
ಅವರಿಗೆ ಗೊತ್ತಿತ್ತೋ ಏನೋ;
ಸೀಸೆಯ ಮೇಲೆ ಹೆಸರಿರಲಿಲ್ಲ, ನಂಬರಿತ್ತು.

ನಾಲ್ಕೂವರೆಗೆ ಹುಡುಗ ಕೇಳಿದ,
ಮೂವತ್ತೊಂದಕ್ಕೆ ಸೊನ್ನೇನಾ ಸಾರ್?
ನಿಯಮದ ಪ್ರಕಾರ ಹೌದಪ್ಪ, ಹಾಕ್ಕೋ.
ಅವನು ಟೀ ತರಲು ಹೋದಾಗ
ಸೊನ್ನೆಯ ಪಕ್ಕ ಪೆನ್ಸಿಲಿನಲ್ಲಿ ಒಂದು ಎಂದು ಬರೆದೆ,
ಅಳಿಸಿದೆ.
ಒತ್ತಿ ಬರೆದಿದ್ದೆ, ಅಚ್ಚು ಹೋಗಲಿಲ್ಲ.
ರಬ್ಬರಿನ ಹುಡಿ ಊದಿ
ಪರಿಶೀಲಿಸಿದೆ, ಸರಿಯಿದೆ ಎಂದು ಸಹಿ ಹಾಕಿ
ದಾರ ಕಟ್ಟಿದೆ.