ಬೆಳಗಿನ ಗುಳಿಗೆ

ಬಸವಪ್ರಭು, ಸೇಡಂ ಕಡೆಯ ಹುಡುಗ, ಮೂರನೆಯ ವರ್ಷ,
ಕೇಸ್ ಶೀಟಿನ ಕೊನೆಗೆ ದುಂಡಗೆ ಬರೆದಿದ್ದ:
ಬಿ.ಪಿ. ನೂರೆಂಬತ್ತು. ಬೆಳಗಿನ ಗುಳಿಗೆ ನುಂಗುವುದಿಲ್ಲ.
ಹೇಳಿದ ಮಾತು ಕೇಳುವುದಿಲ್ಲ.
ತಿಳಿವಳಿಕೆ ಕಡಿಮೆ.

ಕೆಂಪು ಪೆನ್ನು ತೆಗೆಯಲಿಲ್ಲ ನಾನು.
ನಾಳೆ ನಾಲ್ಕಕ್ಕೆ ಬೈತಖೋಲ ಬಂದರಿಗೆ ಹೋಗು, ಅಂದೆ,
ಶೇವಂತಿ ತಾಂಡೇಲರ ಬುಟ್ಟಿಯ ಹಿಂದೆ ನಡೆ.
ಸ್ಟೆತಾಸ್ಕೋಪು ಇಲ್ಲೇ ಇರಲಿ.
ಕರವಸ್ತ್ರ ಬೇಕಾದರೆ ಒಯ್ಯಿ.

ಹೋದ. ಮೂಗು ಮುಚ್ಚಿಕೊಂಡೇ ಹೋದ.
ಹರಾಜಿನ ಕೂಗು, ಕಾಲಡಿ ಮಂಜುಗಡ್ಡೆಯ ಪುಡಿ,
ತಾರ್ಲೆ ಅಗ್ಗ, ಇಸವಾಣಕ್ಕೆ ಕೈ ಹಚ್ಚುವ ಹಾಗಿಲ್ಲ,
ಟೆಂಪೋದಲ್ಲಿ ಬುಟ್ಟಿಗೆ ಬೇರೆ ಟಿಕೆಟು.
ಆರಕ್ಕೆ ಮಾರ್ಕೆಟ್ಟಿನ ಮೂಲೆಯಲ್ಲಿ ಕೂತವರು
ಎದ್ದದ್ದು ಒಂದೂವರೆಗೆ.

ಅವನು ಎರಡು ಸಲ ಚಹಾ ಕುಡಿದ,
ಅವರು ಒಂದು ಗುಟುಕೂ ಇಲ್ಲ.
ಸೆಖೆಗೆ ಸೆರಗು ಬೆನ್ನಿಗಂಟಿತ್ತು.
ನೀರು ತಗೋರಿ ಅವ್ವಾ, ಎಂದು ಬಾಟಲಿ ಚಾಚಿದನಂತೆ;
ಇಸಕೊಂಡು, ನಕ್ಕು,
ಬಾಂಗಡೆಯ ಮೇಲೆ ಚಿಮುಕಿಸಿದರಂತೆ.

ಹತ್ತರ ಹೊತ್ತಿಗೆ ಅವನಿಗೇ ಒತ್ತರಿಸಿ ಬಂತು.
ಕಾಲೇಜು ಹುಡುಗ, ಎದುರಿನ ಹೋಟೆಲಿನವರು ಒಳಗೆ ಬಿಟ್ಟರು.
ಹಗುರಾಗಿ ಬಂದವ ಕೇಳಿದ:
ನೀವೂ ಹೋಗಿಬರ್ರಿ, ಬುಟ್ಟಿ ನಾ ನೋಡತೀನಿ.
ಸಾಲು ಸಾಲು ಹೆಂಗಸರು ಒಮ್ಮೆಲೆ ನಕ್ಕರು.
ಆ ನಗುವಿನ ಅರ್ಥಕ್ಕೆ
ಕೊಂಕಣಿ ಬೇಕಿರಲಿಲ್ಲ.

ಶೇವಂತಿ ಮಾತ್ರ ನಗಲಿಲ್ಲ:
"ನಮಗೆ ಬಿಡೂದಿಲ್ಲ ಮಗಾ, ಮೀನಿನ ವಾಸನೆ ಅಂತ.
ಸರಕಾರದ್ದಕ್ಕೆ ಬೀಗ. ಕೀಲಿ ಇದ್ದವ ಬಂದ್ರೆ ಬಂದ.
ನಿಮ್ಮ ಗುಳಿಗೆ ಒಳ್ಳೇದೇ. ನುಂಗಿದ್ರೆ ತಾಸಿಗೆ ಮೂರು ಸಲ.
ಅದ್ಕೇ, ಬೋಟು ಇಳೀದಿದ್ದ ದಿವಸ ತಕಂತೆ."

ಸಂಜೆ ಅವನ ಅಂಗಿಯ ವಾಸನೆಗೆ
ಮುಂದಿನ ಬೆಂಚು ಖಾಲಿಯಾಯಿತು.
ನಾನು ಹಲಗೆಯ ಮೇಲೆ ಮೂತ್ರಪಿಂಡ ಬರೆದೆ,
ಪ್ರತಿ ವರ್ಷ ಬರೆಯುವ ಅದೇ ಎರಡು ಹುರುಳಿಬೀಜ,
ಇಳಿಯುವ ನಾಳ, ಕೆಳಗೆ ಚೀಲ.
ಇಲ್ಲಿಂದ ಮುಂದೆ? ಎಂದೆ.

ಬಸವಪ್ರಭು ಎದ್ದುಬಂದ. ಸೀಮೆಸುಣ್ಣ ಇಸಕೊಂಡ.
ಚೀಲದ ಕೆಳಗೊಂದು ಬಾಗಿಲು ಬರೆದ,
ಬಾಗಿಲಿಗೆ ಬೀಗ.

ಕೇಸ್ ಶೀಟಿನ ಕೊನೆಯ ಗೆರೆ ಹೊಡೆದುಹಾಕಿದ್ದಾನೆ.
ಅದರಡಿ ಹೊಸ ಅಕ್ಷರ, ಅಷ್ಟು ದುಂಡಗಿಲ್ಲ:
ಗುಳಿಗೆ ಮಧ್ಯಾಹ್ನ ಎರಡಕ್ಕೆ.
ಕೀಲಿ ಯಾರ ಹತ್ತಿರ, ವಿಚಾರಿಸುವುದು.

ಇದಕ್ಕೆ ಎಷ್ಟು ಅಂಕವೋ ತಿಳಿಯದೆ ಕೂತಿದ್ದೇನೆ.
ಹದಿನಾರು ವರ್ಷ ಅದೇ ಮೂಲೆಯಲ್ಲಿ,
ಅದೇ ಬುಟ್ಟಿಯಿಂದ ನೊಗ್ಲಿ ಕೊಂಡವ ನಾನು.
ಕೇಳಿದ್ದು ದರ ಒಂದೇ.