ಜಾಳಿಗಿ

ಕಾಗದದ ಮ್ಯಾಲ ಲೆಕ್ಕ ಬರಕೊಂಡು ಹೋಗಿದ್ದೆ.
ಮದರ್‌ಬೋರ್ಡು, ನಾಲ್ಕು ಫ್ಯಾನು, ಕೈಬದಲಾದ ಗ್ರಾಫಿಕ್ಸ್ ಕಾರ್ಡು,
ಉದ್ದ ಮೂವತ್ತೊಂದು ಸೆಂಟಿಮೀಟರು,
ಅವ್ವನ ಹೊಲಿಗಿ ಟೇಪಿನಿಂದ ಎರಡು ಸಲ ಅಳದದ್ದು.
ಅಷ್ಟುದ್ದದ ಒಂದು ರಟ್ಟು ಕತ್ತರಿಸಿ
ಚೀಲದಾಗ ಇಟಗೊಂಡಿದ್ದೆ.

ಸೊಲ್ಲಾಪುರದಾಗ ಏಪ್ರಿಲ್ ಅಂದ್ರ
ಸೈಕಲ್ಲಿನ ಹಿಡಿಕಿ ಸುಡತೈತಿ.
ಗಾಜುಲ ಅಂಬಾದಾಸನ ಅಂಗಡಿಯೊಳಗ ಒಂದ ಫ್ಯಾನು,
ಅದೂ ಅವನ ಕಡೆ ಮುಖ ಮಾಡಿ.

"ಇದ ನೋಡ್ರಿ ತಾಯಿ," ಅಂತ
ಗಾಜಿನ ಮುಖದ್ದೊಂದು ಡಬ್ಬಿ ಮುಂದಿಟ್ಟ.
ಒಳಗ ಏಳು ಬಣ್ಣದ ದೀಪ,
ಮದುವಿ ಹಂದರ ಸಣ್ಣದು ಮಾಡಿಟ್ಟಂಗ.
ಚೆಂದ ಇತ್ತು. ಸುಳ್ಳು ಯಾಕ ಹೇಳಲಿ,
ಒಂದು ಗಳಿಗಿ ಅದರಾಗ ನನ್ನ ಮುಖಾನೂ ಚೆಂದ ಕಂಡಿತು.

ಸೆರಗಿನ ಒಂದು ಎಳಿ ಕಿತ್ತು ಗಾಜಿನ ಮುಂದ ಹಿಡದೆ.
ಅಲುಗಲಿಲ್ಲ.
ಒಳಗ ಮೂರು ಫ್ಯಾನು
ಬಾಯಿ ಮುಚ್ಚಿಸಿದವರಂಗ ತಿರುಗತಿದ್ದವು.

"ಗಾಳಿ ಎಲ್ಲಿಂದ ಬರತೈತಿ ಅಣ್ಣಾ?"
"ಬಾಜೂಕ ಸಂದಿ ಐತೆಲ್ಲ."
ಸಂದಿಯೊಳಗ ಕಿರುಬೆರಳಿನ ಉಗುರೂ ಹೋಗಲಿಲ್ಲ.
ರಟ್ಟು ಇಟ್ಟು ನೋಡಿದೆ, ಎರಡು ಬೆರಳಿನಷ್ಟು ಹೊರಗ ಉಳೀತು.
"ಸ್ವಲ್ಪ ಬಗ್ಗಸ್ರಿ, ಹೋಗತೈತಿ."
"ರಟ್ಟು ಬಗ್ಗತೈತಿ," ಅಂದೆ.

ಅಟ್ಟದಿಂದ ಹುಡುಗ ಇಳಿಸಿದ ಮತ್ತೊಂದು.
ಕರೀದು, ದೀಪ ಇಲ್ಲ, ಮೈತುಂಬ ಧೂಳು,
ಎಮ್ಮಿ ಕುಂತಂಗ ಕುಂತಿತು ಕಟ್ಟಿ ಮ್ಯಾಲ.
ಮುಖದ ತುಂಬ ತೂತು, ಬರೇ ತೂತು.
ಬದಿಯ ತಗಡು ತಗದ್ರ
ಮೊಳಕೈತನಕ ಕೈ ಹೋತು, ಎಲ್ಲೂ ತಾಗಲಿಲ್ಲ.
ವಾಯರ್ ಹಾಯಿಸಾಕ ಹಿಂದ ಒಂದು ಓಣಿಯಷ್ಟು ಜಾಗ.
ಫ್ಯಾನ್ ಚಾಲೂ ಮಾಡಿಸಿ ಅದ ಎಳಿ ಹಿಡದೆ.
ಕೈಯಿಂದ ಕಸಗೊಂಡಿತು.

ಆ ತೂತು ನಾ ಮೊದಲ ಕಂಡದ್ದು.
ಮನಿಯೊಳಗ ಗಳಕ್ಕ ಕಟ್ಟಿಟ್ಟ ಜಕಾರ್ಡ್ ರಟ್ಟು,
ಅಪ್ಪ ಮೂವತ್ತು ವರ್ಷ ಹೊಡದ ತೂತು.
ತೂತಿದ್ದಲ್ಲಿ ಎಳಿ ಏಳತೈತಿ, ಇಲ್ಲದಲ್ಲಿ ಮಲಗತೈತಿ,
ನವಿಲು ಆಗತೈತಿ, ಚಾದರ ಆಗತೈತಿ.
ಈಗ ಆ ನವಿಲು ನಾ ತೆರಿ ಮ್ಯಾಲ ಬರೀತೀನಿ.
ಹಳೇ ಕಂಪ್ಯೂಟರು ಅರ್ಧ ರೆಕ್ಕಿಗೆ ಬಂದು
ಕಾದು, ಕೂಗಿ, ಆರಿ ಹೋಗತಿತ್ತು.

ಇನ್ನೂರು ರೂಪಾಯಿ ಜಗ್ಗಾಡಿ ತಂದೆ.

ಅಪ್ಪ ಹೊರಸಿನ ಮ್ಯಾಲಿಂದ ನೋಡಿದ.
"ಇಷ್ಟು ದೊಡ್ಡ ಪೆಟ್ಟಿಗಿ ಯಾಕವ್ವಾ ಮಹಾನಂದಾ,
ಅರ್ಧ ಖಾಲೀನ ಐತಲ್ಲ."
"ಖಾಲಿಗೇ ರೊಕ್ಕ ಕೊಟ್ಟೀನಿ."
ಅವ ನಕ್ಕ. ನಕ್ಕದ್ದು ಕೆಮ್ಮಾತು.
ಕೆಮ್ಮು ಮುಗಿಯೂತನಕ
ನಾ ಸ್ಕ್ರೂ ಹಿಡಕೊಂಡು ನಿಂತೆ.

ರಾತ್ರಿ ಹನ್ನೊಂದಕ್ಕ ಚಾಲೂ ಆತು.
ಮೂರು ಸ್ಕ್ರೂ ಉಳದವು, ಎಲ್ಲೀವೋ ಗೊತ್ತಾಗಲಿಲ್ಲ.
ಮುಂದಿಂದ ತಣ್ಣಗ ಎಳಕೊಂಡು ಹಿಂದಿಂದ ಬೆಚ್ಚಗ ಬಿಡೂದು, ಅಷ್ಟ.
ಅಪ್ಪ ಎದ್ದು ಬಂದು ಹಿಂಬದಿಗೆ ಅಂಗೈ ಒಡ್ಡಿದ,
ಆಗಷ್ಟ ಹುಟ್ಟಿದ ಕರುವಿನ ಮೂಗಿಗೆ ಒಡ್ಡಿದಂಗ.

ತಿಂಗಳಿಗೆ ಜಾಳಿಗಿ ಬಿಚ್ಚಿದೆ.
ಪವರ್‌ಲೂಮಿನ ಓಣಿ, ಹಗಲೂ ರಾತ್ರಿ ಹತ್ತಿ ಹಾರತೈತಿ.
ತೂತಿನ ಮ್ಯಾಲ ತೆಳ್ಳನ್ನ ಕಂಬಳಿ.
ತಳಕ್ಕ ನೀಲಿ, ನಡುವ ಬಿಳಿ,
ಮ್ಯಾಲ ತುಸು ಕೆಂಪು.
ಅಪ್ಪ ಅದನ್ನ ಓದಿದ.
"ಕೊಂಡಾ ಅವರು ಮೊದಲ ನೀಲಿ ಟಾವೆಲ್ ಹಾಕಿದ್ರು.
ಆಮ್ಯಾಲ ಆಸ್ಪತ್ರಿ ಆರ್ಡರು. ಈಗ ಕೆಂಪು ಹಿಡದಾರ."
ಬೆರಳಾಗ ಒಂದಿಷ್ಟು ಹೊಸದು,
"ನನ್ನೊಳಗಿಂದು ಬಿಚ್ಚಿದ್ರ
ಎಷ್ಟು ಬಣ್ಣ ಸಿಗಬಹುದು?" ಅಂದ.

ನಾ ನಳದ ಕೆಳಗ ಜಾಳಿಗಿ ಹಿಡದೆ.
ಕೆಂಪು ಸುಮ್ಮನ ಹೋತು.
ನೀಲಿಗೆ ಬ್ರಷ್ ಬೇಕಾತು.
ಬಿಸಲಿಗೆ ಒರಗಿಸಿಟ್ಟೀನಿ, ಒಣಗಾಕ ಇನ್ನೊಂದು ತಾಸು.
ಅಲ್ಲೀತನಕ ಕಂಪ್ಯೂಟರ್ ಬಂದ್.
ಅಪ್ಪ ಬಾಗಲಾಗ ಕುಂತಾನ,
ಮೂಗಿಗೆ ಟಾವೆಲ್ಲಿನ ಚುಂಗು ಹಿಡಕೊಂಡು.